ಫ್ರಿಜ್ಜಿನ ಬೆನ್ನಿನ ಬಿಸಿನೀರು

ಯಾರ ಮನೆಗೆ ಹೋದರೂ ಕಾಫಿ ಬರುವಷ್ಟರಲ್ಲಿ ಏನಾದರೊಂದು ನೆಪ ತೆಗೆದು ಅವರ ಫ್ರಿಜ್ಜಿನ ಹಿಂದೆ ಕೈಯಿಟ್ಟು ನೋಡುವುದು ನನ್ನ ಅಭ್ಯಾಸ. ಬಿಸಿ ಇದ್ದರೆ ಸಮಾಧಾನ. ಇಲ್ಲದಿದ್ದರೆ ಮನಸ್ಸಿಗೆ ಏನೋ ಕಸಿವಿಸಿ. ಮನೆಯವರು ಪಾಪ, ನನ್ನ ಬಳೆಯೋ ಉಂಗುರವೋ ಹಿಂದೆ ಬಿದ್ದಿರಬೇಕೆಂದು ತಾವೂ ಬಗ್ಗಿ ಹುಡುಕುತ್ತಾರೆ. ನಮ್ಮ ಓಣಿಯ ಒಬ್ಬಾಕೆಯಂತೂ ನಾನು ಅವಳ ಮನೆಯ ಧೂಳು ಪರೀಕ್ಷೆ ಮಾಡುತ್ತಿದ್ದೇನೆಂದು ತಿಳಿದು ಮಾತೇ ಬಿಟ್ಟಳು. ಬಿಟ್ಟದ್ದು ಒಳ್ಳೆಯದೇ ಆಯಿತು ಅನ್ನಿ, ಅವಳ ಮಾತು ಮುಗಿಯುತ್ತಲೇ ಇರಲಿಲ್ಲ.

ಈಗ ಗಾಳಿಯಲ್ಲಿರುವ ಶಾಖವನ್ನೇ ಹೀರಿಕೊಂಡು ಸ್ನಾನದ ನೀರು ಕಾಸುವ ಯಂತ್ರ ಬಂದಿದೆಯಂತೆ. ಹೀಟ್ ಪಂಪ್ ಅನ್ನುತ್ತಾರೆ. ಪಕ್ಕದ ಮನೆಯವರು ಒಂದನ್ನು ಮಾಳಿಗೆಯ ಮೇಲೆ ಕೂರಿಸಿದ್ದಾರೆ. ಆ ಮನೆಯ ಯಜಮಾನರು ನನಗೆ ಅರ್ಥವಾಗಲೆಂದು ಬಹಳ ನಿಧಾನವಾಗಿ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು: "ಫ್ರಿಜ್ ಐತಲ್ರೀ ಅಮ್ಮ, ಅದನ್ನ ಉಲ್ಟಾ ಮಾಡಿದಂಗ." ನಾನು ನಕ್ಕುಬಿಟ್ಟೆ. ಅವರಿಗೆ ಬೇಸರವಾಯಿತು. ಆದರೆ ಫ್ರಿಜ್ಜನ್ನು ಉಲ್ಟಾ ಮಾಡುವುದೆಂದರೆ ಏನೆಂದು ಅವರಿಗೇನು ಗೊತ್ತು? ಎಂಬತ್ತರ ದಶಕದ ಆರಂಭದಲ್ಲೇ ಸಿರುಗುಪ್ಪದ ನಮ್ಮ ಮನೆಯಲ್ಲಿ ಅದನ್ನು ಮಾಡಿಯಾಗಿತ್ತು. ಮಾಡಿದವರು ನನ್ನ ಮಾವ ಚನ್ನಬಸಪ್ಪನವರು. ಅನುಭವಿಸಿದವರು ನಾವು.

ಮೊದಲು ನನ್ನ ತವರಿನ ವಿಷಯ ಹೇಳಿಬಿಡುತ್ತೇನೆ. ನಾನು ಹುಟ್ಟಿ ಬೆಳೆದದ್ದು ಬಳ್ಳಾರಿಯಲ್ಲಿ, ಕೋಟೆಗುಡ್ಡ ಕಾಣುವ ಒಂದು ಓಣಿಯಲ್ಲಿ. ಬಳ್ಳಾರಿಯವರಿಗೆ ನೀರು ಕಾಸುವುದು ಒಂದು ಕೆಲಸವೆಂದೇ ಅನ್ನಿಸುತ್ತಿರಲಿಲ್ಲ. ಬೆಳಗಿನ ಕಸ ಗುಡಿಸಿದ ಮೇಲೆ ನಮ್ಮಜ್ಜಿ ತಾಮ್ರದ ಕೊಡಗಳನ್ನು ತುಂಬಿಸಿ ಮಾಳಿಗೆಯ ಮೇಲೆ ಸಾಲಾಗಿ ಇಡಿಸುತ್ತಿದ್ದಳು. ಸಂಜೆ ಶಾಲೆಯಿಂದ ಬಂದ ನಮ್ಮನ್ನು ಒಬ್ಬೊಬ್ಬರನ್ನಾಗಿ ಹಿಡಿದು ಆ ನೀರು ಹೊಯ್ಯುತ್ತಿದ್ದಳು. ಏಪ್ರಿಲ್ ತಿಂಗಳಲ್ಲಿ ಅದು ಸುಡುತ್ತಿತ್ತು. "ಅಜ್ಜೀ, ಸುಡತೈತಿ!" ಎಂದು ಕಿರುಚಿದರೆ, "ಬಿಸಿಲಿಗೇನು ಗೊತ್ತಲೇ ಅಳತಿ, ಸುಮ್ನ ಕುಂದ್ರು" ಅನ್ನುತ್ತಿದ್ದಳು. ನಲ್ಲಿ ತಿರುಗಿಸಿದರೂ ಬಿಸಿನೀರು, ಬಾವಿಗೆ ಕೊಡ ಬಿಟ್ಟರೆ ಉಗುರುಬೆಚ್ಚಗಿನ ನೀರು, ಸೈಕಲ್ಲಿನ ಸೀಟಿನ ಮೇಲೆ ಕೂತರೆ ಚಟ್ಟನೆ ಏಳಬೇಕು. ಇಂಥ ಊರಿನಲ್ಲಿ ಬೆಳೆದ ಹುಡುಗಿಗೆ ನೀರು ಕಾಯುವುದಕ್ಕೆ ಒಲೆ ಬೇಕು, ಒಲೆಗೆ ಒಬ್ಬ ಹೆಂಗಸು ಬೇಕು, ಆ ಹೆಂಗಸಿಗೆ ಎರಡು ಗಟ್ಟಿ ಶ್ವಾಸಕೋಶ ಬೇಕು ಎಂಬುದು ತಿಳಿದದ್ದು ಮದುವೆಯಾದ ಮೇಲೆ.

ಸಿರುಗುಪ್ಪದಲ್ಲಿ ಕಾಲುವೆ ನೀರು, ಭತ್ತದ ಗದ್ದೆ, ಊರ ತುಂಬ ಅಕ್ಕಿ ಗಿರಣಿ. ನಮ್ಮ ಮಾವನವರದ್ದೂ ಒಂದು ಗಿರಣಿ ಇತ್ತು. ಕರೂರಿನಿಂದ, ತೆಕ್ಕಲಕೋಟೆಯಿಂದ ಗಾಡಿಗಟ್ಟಲೆ ಭತ್ತ ಬರುತ್ತಿತ್ತು. ಅಕ್ಕಿ ಚೀಲ ಸೇರಿ ಹೊರಗೆ ಹೋಗುತ್ತಿತ್ತು, ಹೊಟ್ಟು ನಮ್ಮ ಹಿತ್ತಲಿಗೆ ಬರುತ್ತಿತ್ತು. ಹೊಟ್ಟಿನ ಒಲೆ ನೀವು ನೋಡಿದ್ದೀರೋ ಇಲ್ಲವೋ. ನಡುವೆ ಒಂದು ಬಿದಿರಿನ ಗೂಟ ನಿಲ್ಲಿಸಿ ಸುತ್ತ ಹೊಟ್ಟನ್ನು ಒತ್ತಿ ಒತ್ತಿ ತುಂಬಬೇಕು. ಆಮೇಲೆ ಉಸಿರು ಬಿಗಿಹಿಡಿದು ಗೂಟ ಮೇಲಕ್ಕೆ ಎಳೆಯಬೇಕು. ಗೂಟ ಬಿಟ್ಟುಹೋದ ತೂತಿನ ಕೆಳಗೆ ಕಿಚ್ಚು ಹಚ್ಚಬೇಕು. ಎಳೆಯುವಾಗ ಕೈ ಸ್ವಲ್ಪ ಅಲುಗಿತೋ, ಹೊಟ್ಟೆಲ್ಲ ಕುಸಿದು ತೂತು ಮುಚ್ಚಿ, ಉರಿ ಸತ್ತು, ಬರೀ ಹೊಗೆ. ನಾನು ಹೋದ ಹೊಸದರಲ್ಲಿ ದಿನಾ ಬರೀ ಹೊಗೆ. ನಾನು ಒಲೆ ಹಚ್ಚಿದ ದಿನ ಎದುರುಮನೆಯವರು ಬಟ್ಟೆ ಒಣಗಹಾಕುತ್ತಿರಲಿಲ್ಲ.

ಅತ್ತೆಯ ಕೈ ಮಾತ್ರ ಎಂದೂ ಅಲುಗುತ್ತಿರಲಿಲ್ಲ. ಆದರೆ ಎಷ್ಟು ಚೆನ್ನಾಗಿ ಹಚ್ಚಿದರೂ ಹೊಟ್ಟಿನ ಹೊಗೆ ಹೊಗೆಯೇ. ನಮ್ಮ ಬಚ್ಚಲುಮನೆಗೆ ಕಿಟಕಿ ಇರಲಿಲ್ಲ. ಆಕೆಯ ಕಣ್ಣು ಯಾವಾಗಲೂ ಕೆಂಪಗೆ, ಕೆಮ್ಮು ಯಾವಾಗಲೂ ಗಂಟಲಲ್ಲಿ. "ಒಂದು ಹೊಗಿಗೂಡು ಹಾಕಸ್ರಿ" ಎಂದು ಆಕೆ ವರ್ಷಕ್ಕೊಮ್ಮೆ, ಸುಣ್ಣ ಬಳಿಸುವ ಕಾಲಕ್ಕೆ, ಮಾವನವರನ್ನು ಕೇಳುತ್ತಿದ್ದಳು. ಅವರು ವರ್ಷಕ್ಕೊಮ್ಮೆ "ಹ್ಞೂಂ, ನೋಡೋಣು" ಅನ್ನುತ್ತಿದ್ದರು. ಮನೆಯಲ್ಲಿ ಇದೂ ಸುಣ್ಣ ಬಳಿಯುವ ಶಾಸ್ತ್ರದ ಒಂದು ಭಾಗವಾಗಿಬಿಟ್ಟಿತ್ತು.

ಮಾವನವರು ಕೆಟ್ಟವರಲ್ಲ. ಅವರಿಗೆ ಒಂದೇ ಒಂದು ರೋಗ: ಯಾವುದೂ ದಂಡವಾಗಬಾರದು. ಬೆಂಕಿಕಡ್ಡಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಎರಡು ಮಾಡುವುದು ನಾನು ಅವರಲ್ಲೇ ನೋಡಿದ್ದು. ಮಾವಿನ ಗೊರಟೆಯನ್ನು ಅವರು ಚೀಪಿ ಬಿಟ್ಟ ಮೇಲೆ ನೊಣವೂ ಕೂರುತ್ತಿರಲಿಲ್ಲ. ಹೆಂಡತಿಯ ಉಸಿರೊಂದು ದಂಡವಾಗುತ್ತಿರುವುದು ಅವರ ಲೆಕ್ಕಕ್ಕೆ ಬಂದಿರಲಿಲ್ಲ, ಅಷ್ಟೆ.

ಇಂಥವರ ಮನೆಗೆ ಫ್ರಿಜ್ ಬಂತು. ತಂದವನು ನನ್ನ ಗಂಡ. ಬಳ್ಳಾರಿಯಿಂದ ಲಾರಿಯಲ್ಲಿ ಹುಲ್ಲಿನ ನಡುವೆ ಮಲಗಿಸಿಕೊಂಡು ತಂದ. ಓಣಿಗೆ ಮೊದಲ ಫ್ರಿಜ್. ಅಡುಗೆಮನೆಯಲ್ಲಿ ಇಟ್ಟರೆ ಯಾರಿಗೆ ಕಾಣುತ್ತದೆ? ಬೀದಿಯಲ್ಲಿ ಹೋಗುವವರಿಗೂ ಕಾಣುವ ಹಾಗೆ ಪಡಸಾಲೆಯ ನಡುಗೋಡೆಗೆ ಇಟ್ಟರು. ಅದಕ್ಕೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಬಾಗಿಲಲ್ಲಿ ಮೊಟ್ಟೆ ಇಡಲೆಂದು ಮಾಡಿದ ಗುಂಡಿಗಳನ್ನು ನೋಡಿ ಅತ್ತೆ "ಇದೇನು?" ಎಂದು ಕೇಳಿದಾಗ ನನ್ನ ಗಂಡ ಗಾಬರಿಯಾಗಿ "ನಿಂಬಿಹಣ್ಣಿಗೆ" ಅಂದ. ಹಾಗಾಗಿ ನಿಂಬೆಹಣ್ಣು ಕೂತವು, ಉಳಿದ ಗುಂಡಿಗಳಲ್ಲಿ ವಿಭೂತಿ ಗಟ್ಟಿ. ಫ್ರಿಜ್ಜಿನ ಕೀಲಿ ಮಾವನವರ ಉಡಿದಾರದಲ್ಲಿ.

ಅದೇ ಬೇಸಿಗೆಯ ಒಂದು ಮಧ್ಯಾಹ್ನ ಗೋಡೆಗೆ ಬಣ್ಣ ಹಚ್ಚಲೆಂದು ಫ್ರಿಜ್ಜನ್ನು ಮುಂದಕ್ಕೆ ಸರಿಸಿದ್ದರು. ಊಟ ಮುಗಿಸಿದ ಮಾವ ಬರೀ ಮೈಯಲ್ಲಿ ಬಂದು, ತಣ್ಣಗಿರುತ್ತದೆಂದು ತಿಳಿದು, ಅದರ ಹಿಂಬದಿಗೆ ಒರಗಿ ಕೂತರು. ಮರುಕ್ಷಣ ಚೇಳು ಕಡಿದವರ ಹಾಗೆ ಎದ್ದರು. ಬೆನ್ನಿನ ಮೇಲೆ ಕೊಳವೆಗಳ ಗೆರೆ ಕೆಂಪಗೆ ಮೂಡಿತ್ತು.

"ಏ ಗಿರಿಜಾ! ಬಾ ಇಲ್ಲಿ! ಇದರ ಬೆನ್ನಿಗೆ ಜ್ವರ ಬಂದೈತಿ!"

ಗಿರಿಜಾ ಅಂದರೆ ನಾನು. ನನಗೇನು ಗೊತ್ತು? ನನ್ನ ಗಂಡನನ್ನು ಕರೆದೆ. ಅವನು ಕಾಲೇಜಿನಲ್ಲಿ ಎರಡು ವರ್ಷ ವಿಜ್ಞಾನ ಓದಿ ಬಿಟ್ಟವನು, ಆ ಎರಡು ವರ್ಷದ ಗತ್ತಿನಲ್ಲೇ ಹೇಳಿದ: "ಅದು ಹಂಗ ಅಪ್ಪ. ಒಳಗಿನ ಬಿಸಿ ತಗದು ಹೊರಗ ಹಾಕತೈತಿ."

"ಹಾಕಿ?"

"ಹಾಕಿ ಏನಿಲ್ಲ. ಗಾಳಿಗೆ ಹೋಗತೈತಿ."

ಮಾವನವರ ಮುಖ ನೋಡಬೇಕಿತ್ತು. "ದಂಡಕ್ಕ?" ಅಂದರು. "ಹಗಲೂ ರಾತ್ರಿ ದಂಡಕ್ಕ ಹೋಗಾಕತ್ತೈತಿ? ನಮ್ಮ ಮನ್ಯಾಗ?"

ಆ ದಿನ ಅವರು ನಿದ್ದೆ ಮಾಡಲಿಲ್ಲ. ವಾರದೊಳಗೆ ಬಳ್ಳಾರಿಯಿಂದ ರಂಗಯ್ಯ ಎಂಬ ಮೆಕ್ಯಾನಿಕ್ ಬಂದಿಳಿದ. ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವನಂತೆ, ಎಲ್ಲ ಬಲ್ಲವನಂತೆ. ಎಲ್ಲ ಬಲ್ಲೆನೆಂದು ಅವನೇ ಹೇಳಿದ. ಅರ್ಧ ತೆಲುಗು, ಅರ್ಧ ಕನ್ನಡ, ಎರಡರಲ್ಲೂ ಬಡಾಯಿ. "ಇದೇಮಿ ದೊಡ್ಡ ವಿಷಯ ಸಾಹುಕಾರ್ರೇ! ಹಿಂದಿನ ಪೈಪು ತಗದು ನೀರಾಗ ಮುಳಗಿಸಿದ್ರ ಆತು. ನಿಮ್ಮ ಬಚ್ಚಲದಾಗ ಒಲಿ ಅನ್ನೋದೇ ಇರಂಗಿಲ್ಲ, ಚೂಡಂಡಿ, ನೋಡ್ರಿ!" ಈ ಮಾತು ಕೇಳಿ, ಸೆರಗಿನಿಂದ ಬಾಯಿ ಮುಚ್ಚಿ ಕೆಮ್ಮುತ್ತಿದ್ದ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದಳು. ಆಕೆ ಅವನಿಗೆ ಎರಡು ಸಲ ಚಹ ಕೊಟ್ಟದ್ದು ನನಗೆ ನೆನಪಿದೆ.

ಫ್ರಿಜ್ಜು ಪಡಸಾಲೆಯಿಂದ ನಡುಮನೆಗೆ, ಬಚ್ಚಲುಮನೆಯ ಗೋಡೆಯ ಪಕ್ಕಕ್ಕೆ ಬಂತು. ಗೋಡೆಗೆ ತೂತು. ಬೆನ್ನಿನ ಕೊಳವೆ ಬಿಚ್ಚಿ, ಅದರ ಬದಲಿಗೆ ತಾಮ್ರದ ಕೊಳವೆಯನ್ನು ಚಕ್ಕಲಿಯ ಹಾಗೆ ಸುತ್ತಿ, ನಮ್ಮ ದೊಡ್ಡ ಹಂಡೆಯೊಳಗೆ ಇಳಿಸಿದ. ಗ್ಯಾಸು ತುಂಬಿಸಿದ. ಗುಂಡಿ ಒತ್ತಿದ. ಯಂತ್ರ ಗೊರ್ ಎಂದಿತು. ಸಂಜೆಗೆ ಹಂಡೆಯ ನೀರು ನಿಜವಾಗಿಯೂ ಬೆಚ್ಚಗಾಗಿತ್ತು. ಸುಳ್ಳು ಹೇಳಬಾರದು, ನಾನೇ ಕೈಯಿಟ್ಟು ನೋಡಿದೆ. ಆದರೆ ಮರುದಿನ ಅಷ್ಟೂ ಬೆಚ್ಚಗಾಗಲಿಲ್ಲ. ರಂಗಯ್ಯ ಗಂಭೀರವಾಗಿ ಹೇಳಿದ: "ಒಳಗ ಬಿಸಿ ಇದ್ರ ತಾನೇ ಹೊರಗ ಬರೋದು? ನೀವು ನಿಂಬಿಹಣ್ಣು ಇಟ್ರ ಅದೇನು ಕೊಡತೈತಿ? ಬಿಸಿ ಸಾಮಾನು ಇಡ್ರಿ."

ಅವತ್ತಿನಿಂದ ಮಾವನವರು ಅಡುಗೆಮನೆಯ ಬಾಗಿಲಲ್ಲಿ ಕಾವಲು ನಿಂತರು. ಅನ್ನ ಬಸಿದ ಕೂಡಲೇ ಫ್ರಿಜ್ಜಿಗೆ. ಕುದಿಯುವ ಸಾರು ಫ್ರಿಜ್ಜಿಗೆ. ಉಕ್ಕಿದ ಹಾಲು ಫ್ರಿಜ್ಜಿಗೆ. ಮನೆಯಲ್ಲಿ ಎಲ್ಲರಿಗೂ ತಣ್ಣನೆಯ ಅನ್ನ, ಗಟ್ಟಿಯಾದ ತುಪ್ಪ. ಅದೂ ಸಾಲದಾದಾಗ ಒಂದು ದಿನ ಅತ್ತೆಗೆ ಹೇಳಿದರು: "ಒಂದು ದೊಡ್ಡ ಬೋಗಣಿ ನೀರು ಒಲಿ ಮ್ಯಾಲೆ ಮರಳಿಸಿ ಫ್ರಿಜ್ಜಿನಾಗ ಇಡು. ಅದರ ಬಿಸಿ ತಗೊಂಡು ಹಂಡೇದ ನೀರು ಕಾಯತೈತಿ."

ಅತ್ತೆ ಬೋಗಣಿ ಎತ್ತಿಕೊಂಡಳು. "ಮರಳಿಸಿದ ನೀರನ್ನೇ ಹಂಡೇಕ ಸುರುವಿದ್ರ ಹೆಂಗ್ರಿ?" ಅಂದಳು.

"ನಿನಗ ಯಂತ್ರ ತಿಳಿಯಂಗಿಲ್ಲ" ಅಂದರು ಮಾವ.

ಮತ್ತೆ ರಂಗಯ್ಯ. ಈ ಸಲ ಅವನು ಫ್ರಿಜ್ಜಿನ ಬಾಗಿಲನ್ನೇ ಕಳಚಿ ತೆಗೆದ. ಇನ್ನು ಇದು ಮನೆಯ ಗಾಳಿಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ, ಬಳ್ಳಾರಿ ಸೀಮೆಯಲ್ಲಿ ಗಾಳಿಯ ಬಿಸಿಗೇನು ಬರವೇ ಅಂದ. ಇವತ್ತು ಯೋಚಿಸಿದರೆ ಆ ಬಡಾಯಿಗಾರ ಹೇಳಿದ್ದು ಸರಿಯೇ ಇತ್ತು. ಪಕ್ಕದ ಮನೆಯ ಮಾಳಿಗೆಯ ಮೇಲಿರುವುದೂ ಅದನ್ನೇ ಮಾಡುತ್ತದೆ. ಆ ಬೇಸಿಗೆಯಲ್ಲಿ ಹಂಡೆ ನಿಜವಾಗಿ ಕಾಯಿತು. ಹಬೆ ಬರುವಷ್ಟಲ್ಲದಿದ್ದರೂ ಬಿಸಿ. ತೊಂದರೆ ಏನೆಂದರೆ, ಆ ಬೇಸಿಗೆಯಲ್ಲಿ ಬಿಸಿನೀರು ಯಾರಿಗೂ ಬೇಕಾಗಿರಲಿಲ್ಲ. ಬೆವರು ಸುರಿಸಿಕೊಂಡು ಬಂದವರು "ಒಂದು ಕೊಡ ಬಾವಿ ನೀರು ಕೊಡ್ರಿ" ಎಂದರೆ ಮಾವ ಬಿಡುತ್ತಿರಲಿಲ್ಲ. ಬಿಸಿನೀರಿನಲ್ಲೇ ಸ್ನಾನ ಮಾಡಿಸಿ, "ಹೆಂಗೈತಿ?" ಎಂದು ಕೇಳುತ್ತಿದ್ದರು. ಜನ ಮತ್ತೆ ಬೆವರುತ್ತ "ಭಾರಿ ಐತ್ರಿ" ಅನ್ನುತ್ತಿದ್ದರು.

ಬಾಗಿಲಿಲ್ಲದ ಫ್ರಿಜ್ಜಿನ ಮುಂದೆ ಮಾತ್ರ ತಂಪೋ ತಂಪು. ಗಂಡಸರೆಲ್ಲ ಅಲ್ಲಿ ಚಾಪೆ ಹಾಸಿ ಎಲೆಯಡಿಕೆ ಹಾಕುತ್ತ ಕೂತರು. ಒಳಗೆ ಕಟ್ಟಿದ ಮಂಜು ಕರಗಿ ಹರಿದು ನಡುಮನೆ ಕೆರೆಯಾಗುತ್ತಿತ್ತು. ಒರೆಸುವವರು ಯಾರೆಂದು ನಾನು ಬೇರೆ ಹೇಳಬೇಕೆ? ಒರೆಸಲು ಬಂದರೆ ಚಾಪೆಯ ಮೇಲಿನವರು ಕಾಲು ಮೇಲೆತ್ತಿ ಸಹಾಯ ಮಾಡುತ್ತಿದ್ದರು.

ಗೆಲುವಿನ ಮದದಲ್ಲಿ ಮಾವನವರು ಹೊಟ್ಟಿನ ಒಲೆಯನ್ನು ಒಡೆಸಿಹಾಕಿದರು. ಅದು ಇದ್ದ ಜಾಗಕ್ಕೆ ಸಿಮೆಂಟು ಬಳಿಸಿದರು. ಬಸ್‌ಸ್ಟ್ಯಾಂಡಿನ ತನಕ ಸುದ್ದಿ ಹೋಯಿತು: ಚನ್ನಬಸಪ್ಪನವರ ಮನೆಯಲ್ಲಿ ಬೆಂಕಿಯಿಲ್ಲದೆ, ಹೊಗೆಯಿಲ್ಲದೆ, ಬರೀ ಗಾಳಿಯಿಂದ ನೀರು ಕಾಯುತ್ತದೆ. ಆ ಬೇಸಿಗೆ ಅತ್ತೆಯ ಕೆಮ್ಮು ಕಡಿಮೆಯಾದದ್ದೂ ನಿಜ. ಆಕೆ ಒಂದು ದಿನ ನನ್ನ ಹತ್ತಿರ, "ಏನಾರ ಅನ್ನು ಗಿರಿಜಾ, ಇಷ್ಟಾದ್ರೂ ಮಾಡಿದರು" ಅಂದಳು. ಆ ಮಾತು ಕೇಳಿ ನನಗೆ ನಗು ಬರಲಿಲ್ಲ.

ಮಳೆ ಬಂತು, ಹೋಯಿತು, ಚಳಿ ಬಂತು. ನಮ್ಮ ಕಡೆಯ ಚಳಿ ಎಂದರೆ ಬೇರೆ ಊರಿನವರು ನಗುತ್ತಾರೆ. ಆದರೆ ಬೆಳಗಿನ ಹೊತ್ತು ಕಾಲುವೆಯ ಕಡೆಯಿಂದ ಗಾಳಿ ಬೀಸಿದರೆ ತಣ್ಣೀರು ಮೈಗೆ ಹಾಕಿಕೊಳ್ಳುವುದು ಸುಲಭವಲ್ಲ. ಆ ಗಾಳಿಯಿಂದ ನಮ್ಮ ಯಂತ್ರಕ್ಕೆ ಏನೂ ಸಿಗಲಿಲ್ಲ. ಮೇಲಾಗಿ ಕರೆಂಟು ಬಡಕಲು, ಬಲ್ಬು ಮಿಣುಕು ಹುಳದ ಹಾಗೆ. ಯಂತ್ರ ಒಮ್ಮೆ ಗೊರ್ ಅನ್ನುವುದು, ಟಕ್ ಎಂದು ನಿಲ್ಲುವುದು, ಮತ್ತೆ ಗೊರ್. ಹಂಡೆಯ ನೀರು ಬೆಚ್ಚಗಾಗುವಾಗ ಮಧ್ಯಾಹ್ನ.

ಮಾವನವರಿಗೆ ಸ್ನಾನವಾಗದೆ ಲಿಂಗಪೂಜೆಯಿಲ್ಲ, ಪೂಜೆಯಾಗದೆ ಬಾಯಿಗೆ ಹನಿ ನೀರಿಲ್ಲ. ತಣ್ಣೀರು ಹೊಯ್ದುಕೊಳ್ಳುವುದು ಆರೋಗ್ಯಕ್ಕೆ ಆಗದು, ಆರೋಗ್ಯಕ್ಕಿಂತ ಹೆಚ್ಚಾಗಿ ಮರ್ಯಾದೆಗೆ ಆಗದು. ಹಾಗಾಗಿ ಹಂಡೆಯ ಪಕ್ಕ ಟವಲು ಹೊದ್ದು ಕೂತು, ಆಗಾಗ ಬೆರಳದ್ದಿ ನೋಡುತ್ತ, ಹಸಿದ ಹೊಟ್ಟೆಯಲ್ಲಿ ಕಾಯುತ್ತಿದ್ದರು. ಗಿರಣಿಗೆ ಹೋಗುವುದು ತಡವಾಗತೊಡಗಿತು. ಊರಿನಲ್ಲಿ "ಸಾಹುಕಾರ್ರು ಏನೋ ವ್ರತ ಹಿಡಿದಾರ" ಎಂದು ಮಾತಾಯಿತು. ಯಾರೋ ಬಂದು ಕಾಲಿಗೂ ನಮಸ್ಕರಿಸಿ ಹೋದರು.

ಅತ್ತೆಗೆ ಇದು ತಡೆಯಲಿಲ್ಲ. ಗಂಡ ಉಪವಾಸ ಕೂತಿರುವುದನ್ನು ನೋಡಿಕೊಂಡಿರುವ ಹೆಂಗಸಲ್ಲ ಆಕೆ. ಒಂದು ಬೆಳಗ್ಗೆ ನನ್ನನ್ನು ಹಿತ್ತಲಿಗೆ ಕರೆದಳು. ದನದ ಕೊಟ್ಟಿಗೆಯ ಮೂಲೆಯಲ್ಲಿ ಮೂರು ಕಲ್ಲು ಇಟ್ಟು, ಹತ್ತಿಕಟ್ಟಿಗೆ ಹಚ್ಚಿ, ದೊಡ್ಡ ಪಾತ್ರೆಯಲ್ಲಿ ನೀರು ಮರಳಿಸುತ್ತಿದ್ದಳು. "ಅವರು ಎದ್ದು ಕಾಲುವಿ ಕಡೆ ಹೋಗಿ ಬರೋದ್ರಾಗ ಹಂಡೇಕ ಸುರುವಿಬಿಡೋಣು. ಉಪಾಸ ಯಾಕ ಸಾಯಬೇಕು" ಅಂದಳು. ಸುರಿದೆವು. ಮಾವ ಬಂದು ಬೆರಳದ್ದಿ, ಕೈ ಹಿಂದಕ್ಕೆ ಎಳೆದುಕೊಂಡು, "ನೋಡಿದೇನಲೇ! ಯಂತ್ರ ಹದಕ್ಕ ಬಂತು!" ಎಂದು ನನ್ನ ಗಂಡನನ್ನು ಕೂಗಿದರು.

ಅವತ್ತಿನಿಂದ ಯಂತ್ರ ದಿನಾ ಹದಕ್ಕೆ ಬರತೊಡಗಿತು. ಕೊಟ್ಟಿಗೆಯ ಹೊಗೆ ಯಾಕೆಂದು ಮಾವ ಕೇಳಿದರೆ "ದನಕ್ಕ ಸೊಳ್ಳಿ ಭಾಳ ಆಗ್ಯಾವ್ರಿ" ಅನ್ನುತ್ತಿದ್ದಳು ಅತ್ತೆ. "ಹೌದೌದು, ಹಾಕ್ರಿ ಹೊಗಿ" ಅನ್ನುತ್ತಿದ್ದರು ಅವರು. ಮೊದಲು ಬಚ್ಚಲುಮನೆಯಲ್ಲೇ ಕಾಯುತ್ತಿದ್ದ ನೀರು ಈಗ ಹಿತ್ತಲಲ್ಲಿ ಕಾಯುತ್ತಿತ್ತು. ಬಿಸಿ ಪಾತ್ರೆಯನ್ನು ಬಟ್ಟೆ ಸುತ್ತಿ ಹಿಡಿದು ಅಂಗಳ ದಾಟಿಸುವುದು ಹೆಚ್ಚಿನ ಕೆಲಸ. ಯಂತ್ರ ಬಂದ ಮೇಲೆ ಕೆಲಸ ಹಗುರಾಗುತ್ತದೆ ಎನ್ನುವವರು ಆಗ ನಮ್ಮ ಮನೆಗೆ ಬರಬೇಕಿತ್ತು. ಅತ್ತೆಯ ಕೆಮ್ಮು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಈಗ ಕೆಮ್ಮುವುದನ್ನೂ ಆಕೆ ಕದ್ದು ಕೆಮ್ಮಬೇಕಿತ್ತು. ಹೊಗೆಯಿಲ್ಲದ ಮನೆಯ ಯಜಮಾನಿ ಕೆಮ್ಮಿದರೆ ಹೇಗೆ?

ನನ್ನ ಗಂಡನಿಗೆ ಇದು ಗೊತ್ತಾಯಿತು. ಅವನು ಅಪ್ಪನ ಮುಂದೆ "ಭಾರಿ ಕಾಯತೈತಿ" ಎನ್ನುತ್ತ, ನಮ್ಮ ಮುಂದೆ "ಪಾಪ ನೀವು" ಎನ್ನುತ್ತ, ಇಬ್ಬರಿಗೂ ಬೇಕಾದವನಾಗಿ, ಬಿಸಿನೀರಿನಲ್ಲಿ ಸ್ನಾನ ಮಾಡಿಕೊಂಡು ಇದ್ದ.

ಅಷ್ಟರಲ್ಲಿ ನನ್ನ ನಾದಿನಿ ಶಾಂತಾ ಹೆರಿಗೆಗೆ ಬಂದಳು. ಅವಳನ್ನು ಕುರುಗೋಡಿಗೆ ಕೊಟ್ಟಿದ್ದರು. ಗಂಡುಮಗು ಆಯಿತು. ಬಾಣಂತಿಯ ಸ್ನಾನವೆಂದರೆ ಗೊತ್ತಲ್ಲ, ಎಣ್ಣೆ ಹಚ್ಚಿ ತಿಕ್ಕಿ ಕುದಿಯುವ ನೀರನ್ನು ಹಂಡೆಗಟ್ಟಲೆ ಎರೆಯಬೇಕು, ಕೂಸಿಗೆ ಬೇರೆ. ಕೊಟ್ಟಿಗೆಯ ಒಲೆ ಒಂದಿದ್ದದ್ದು ಎರಡಾಯಿತು. ಅತ್ತೆ ಎರಡರ ನಡುವೆ ಕೂತು ಎರಡನ್ನೂ ಊದುತ್ತಿದ್ದಳು. ಒಂದು ದಿನ ಊದುಗೊಳವೆ ಕೆಳಗಿಟ್ಟು ಗೋಡೆ ಹಿಡಿದು ನಿಂತು ಕೆಮ್ಮಿದವಳು ಬಹಳ ಹೊತ್ತು ಆಚೆ ಬರಲಿಲ್ಲ. ಹೋಗಿ ನೋಡಿದರೆ ತುಟಿ ನೀಲಿಯಾಗಿತ್ತು. "ಮಾವನವರಿಗೆ ಹೇಳಿಬಿಡ್ತೀನಿ" ಅಂದೆ. ನನ್ನ ಕೈ ಹಿಡಿದು, "ಬ್ಯಾಡ. ಊರೆಲ್ಲ ಹೇಳ್ಕೊಂಡು ಬಂದಾರ. ತಲಿ ಎತ್ತಿ ತಿರಗಬೇಕಲ್ಲ ಅವರು" ಅಂದಳು. ತನ್ನ ಉಸಿರು ನಿಂತರೂ ಗಂಡನ ತಲೆ ಮೇಲಿರಬೇಕು! ನನಗೆ ಆಕೆಯ ಮೇಲೆ ಬಂದ ಸಿಟ್ಟು ಮಾವನವರ ಮೇಲೂ ಬಂದಿರಲಿಲ್ಲ.

ಮಗುವನ್ನು ನೋಡಲು ಕುರುಗೋಡಿನಿಂದ ಬೀಗರು ಬಂದರು. ಶಾಂತಾಳ ಮಾವ ಪಂಪನಗೌಡರು, ಅವರ ಹೆಂಡತಿ. ನಮ್ಮ ಮಾವನವರು ಮೊಮ್ಮಗನನ್ನು ತೋರಿಸುವ ಮೊದಲು ಹಂಡೆ ತೋರಿಸಿದರು. ಗಾಳಿಯ ಬಿಸಿ, ಕೊಳವೆ, ಗ್ಯಾಸು, ಎಲ್ಲ ವಿವರಣೆ. ಗೌಡರು ಹಂಡೆಯಲ್ಲಿ ಕೈಯಿಟ್ಟರು, ಸುಟ್ಟಿತು. ಸುಡದೆ ಏನು? ಅತ್ತೆ ಆಗಷ್ಟೇ ಎರಡು ಪಾತ್ರೆ ಸುರಿದು ಹೋಗಿದ್ದಳು.

ರಾತ್ರಿ ಊಟಕ್ಕೆ ಕೂತಾಗ ಗೌಡರು ತುಂಬ ಹೊತ್ತು ಯೋಚಿಸಿದವರ ಹಾಗೆ ಹೇಳಿದರು: "ಬೀಗ್ರ, ನಾವೂ ಹಿಂಗ ಮಾಡಸ್ತೀವಿ. ಆ ಮೆಕ್ಯಾನಿಕ್‌ಗ ಹೇಳಿ ಕಳಸ್ರಿ. ನಮ್ಮ ಬಚ್ಚಲದ ಒಲಿ ನಾಳಿ ಊರಿಗೆ ಹೋದ ಕೂಡಲೇ ಒಡಸಿಬಿಡ್ತೀನಿ. ನಮ್ಮ ಶಾಂತಾ ಕೂಸು ಕಟ್ಕೊಂಡು ಬರೋದ್ರಾಗ ಎಲ್ಲಾ ತಯಾರಿರತೈತಿ."

"ಹಂಗ ಮಾಡ್ರಿ! ನಿಮ್ಮ ಮಗ್ಗಲ ಬಾದನಹಟ್ಟಿವರೂ ಬಂದು ನೋಡಿ ಹೋಗಲಿ!" ಮಾವನವರ ಎದೆ ಉಬ್ಬಿತು.

ನಾನು ಬಡಿಸುತ್ತಿದ್ದೆ. ಅತ್ತೆ ಬಾಗಿಲ ಹಿಂದೆ ನಿಂತಿದ್ದಳು. ಆಕೆಯ ಕೈಯಲ್ಲಿ ತುಪ್ಪದ ಗಿಂಡಿ ಇತ್ತು, ಬಡಿಸಲು ಹೊರಗೆ ಬರಲೇ ಇಲ್ಲ. ಒಳಗೆ ಹೋದಾಗ ನನ್ನನ್ನು ಕೇಳಿದಳು: "ಅಲ್ಲಿ ಇವಳಿಗೆ ಯಾರದಾರ ಗಿರಿಜಾ? ಅತ್ತಿ ಅನ್ನಾಕಿಗೆ ಮಣಕಾಲು ನೋವು. ಈಕಿ ಒಬ್ಬಾಕಿನೇ ಕೊಟ್ಟಗಿಯಾಗ ಕುಂತು ಕದ್ದು ನೀರು ಕಾಸಬೇಕು. ನನ್ನಂಗ."

ಮರುದಿನ ಬೆಳಗ್ಗೆ ನಾನು ಕೊಟ್ಟಿಗೆಗೆ ಹೋದರೆ ಒಲೆಯಲ್ಲಿ ಬೂದಿ ತಣ್ಣಗಿತ್ತು. ಅತ್ತೆ ಅಂಗಳದಲ್ಲಿ ನಿಧಾನವಾಗಿ ರಂಗೋಲಿ ಹಾಕುತ್ತಿದ್ದಳು. ಶಾಂತಾಳಿಗೆ ಎಣ್ಣೆ ಹಚ್ಚಿ ಒಳಕೋಣೆಯಲ್ಲಿ ಮಣೆಯ ಮೇಲೆ ಕೂರಿಸಿದ್ದಳು. ಬೀಗರಿಬ್ಬರೂ ಎದ್ದು, ಊರಿಗೆ ಹೊರಡುವ ಮೊದಲು ಯಂತ್ರವನ್ನು ಇನ್ನೊಮ್ಮೆ ನೋಡಲೆಂದು ಬಂದರು. ಮಾವನವರು ಮುಂದೆ. ಹಂಡೆಗೆ ಕೈ ಹಾಕಿದರು. ಮುಖ ಬದಲಾಯಿತು. ಇನ್ನೊಂದು ಕೈ ಹಾಕಿದರು.

"ಕರೆಂಟು ಹೋಗಿತ್ತೇನ?"

"ಇಲ್ರಿ" ಅಂದಳು ಅತ್ತೆ. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಬೀಗರ ಎದುರಿಗೇ ಬಂದು ನಿಂತಳು. ಗಂಡಸರ ಎದುರಿಗೆ ಆಕೆ ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ. "ಇವತ್ತು ನಾನು ನೀರು ಕಾಸಿಲ್ಲ. ಅದಕ್ಕ ತಣ್ಣಗ ಐತಿ."

"ನೀನು ಕಾಸೋದಂದ್ರ?"

"ದಿನಾ ನಾನು ಕಾಸಿ ಸುರುವಿದ ನೀರ್ರಿ ಅದು. ಚಳಿ ಬಿದ್ದಾಗಿಂದ. ಕೊಟ್ಟಗಿಯಾಗಿಂದು ಸೊಳ್ಳಿಗೆ ಹಾಕಿದ ಹೊಗಿ ಅಲ್ಲ." ಆಮೇಲೆ ಗೌಡರ ಕಡೆ ತಿರುಗಿ, "ಅಣ್ಣಾರ, ನಿಮಗ ಕೈ ಮುಗೀತೀನಿ. ನಿಮ್ಮ ಒಲಿ ಒಡಸಬ್ಯಾಡ್ರಿ. ನನ್ನ ಮಗಳು ನನ್ನಷ್ಟು ಗಟ್ಟಿ ಇಲ್ಲ."

ಯಂತ್ರ ಗೊರ್ ಎಂದಿತು, ಟಕ್ ಎಂದು ನಿಂತಿತು. ಗೌಡರು ಹಂಡೆಯಲ್ಲಿ ಬೆರಳದ್ದಿ, ಪಂಚೆಗೆ ಒರೆಸಿಕೊಂಡು, "ಕುಡ್ಯಾಕ ಚಲೋ ಐತಿ ಬೀಗ್ರ" ಅಂದರು. ಅವರ ಹೆಂಡತಿ ಮಾತ್ರ ನಗಲಿಲ್ಲ. ಆಕೆ ಅತ್ತೆಯ ಕೆಂಪು ಕಣ್ಣನ್ನೇ ನೋಡುತ್ತಿದ್ದಳು.

ಮಾವನವರ ಮುಖ ಕಪ್ಪಿಟ್ಟಿತ್ತು. ಏನೋ ಹೇಳಲು ಬಾಯಿ ತೆರೆದರು. ಅತ್ತೆ ಅದಕ್ಕೆ ಮೊದಲೇ ಊದುಗೊಳವೆಯನ್ನು ತಂದು ಅವರ ಕೈಗೆ ಕೊಟ್ಟಳು. "ಬಾಣಂತಿ ಎಣ್ಣಿ ಹಚ್ಕೊಂಡು ಕುಂತಾಳ. ತಡಾ ಮಾಡಬ್ಯಾಡ್ರಿ. ಹಿತ್ತಲದಾಗ ಕಟ್ಟಿಗಿ ಅದಾವ." ಬೈಗುಳವಿಲ್ಲ, ಅಳುವಿಲ್ಲ. ಉಪ್ಪು ತಾ ಎನ್ನುವಷ್ಟು ಸಹಜವಾಗಿ ಹೇಳಿದಳು.

ಬೀಗರ ಎದುರಿಗೆ, ಮಗಳು ಚಳಿಯಲ್ಲಿ ಕೂತಿರುವಾಗ, ಅವರು ಇನ್ನೇನು ಮಾಡಬಹುದಿತ್ತು? ಹೋದರು. ಹತ್ತಿಕಟ್ಟಿಗೆ ಹಸಿ ಇತ್ತು. ಮೊದಲು ಬೆಂಕಿ ಹತ್ತಲಿಲ್ಲ, ಆಮೇಲೆ ಹೊಗೆ ನಿಲ್ಲಲಿಲ್ಲ. ಊದಬೇಕಾದಲ್ಲಿ ಒಳಗೆ ಎಳೆದುಕೊಂಡು ಬಿಟ್ಟರು. ಅವರು ಕೆಮ್ಮಿದ ಕೆಮ್ಮಿಗೆ ಎತ್ತು ಕಣ್ಣಿ ಕಿತ್ತುಕೊಂಡಿತು. ಎರಡು ಕಣ್ಣಿನಲ್ಲೂ ನೀರು, ಮೂಗಿನಲ್ಲೂ ನೀರು, ಹಣೆಯ ವಿಭೂತಿಯ ಮೇಲೆ ಮಸಿ. ನನ್ನ ಗಂಡ ಸಹಾಯಕ್ಕೆ ಹೋಗುವವನ ಹಾಗೆ ಎರಡು ಹೆಜ್ಜೆ ಹೋಗಿ, ಹೊಗೆ ನೋಡಿ, ಹಲ್ಲುಜ್ಜುವ ಕಡ್ಡಿ ಮರೆತೆನೆಂದು ಒಳಗೆ ಬಂದ. ಆದರೆ ಹೇಳಲೇಬೇಕು, ಮಾವನವರು ಬಿಟ್ಟು ಏಳಲಿಲ್ಲ. ನೀರು ಮರಳಿದ ಮೇಲೆ ತಾವೇ ಪಾತ್ರೆ ಹಿಡಿದು ಅಂಗಳ ದಾಟಿಸಿದರು. ಶಾಂತಾಳ ಸ್ನಾನವಾಯಿತು. ಕೂಸಿನ ಸ್ನಾನವೂ ಆಯಿತು.

ಗೌಡರು ಹೊರಟರು. ಕುರುಗೋಡಿನ ಒಲೆ ಉಳಿಯಿತು. ಮರುದಿನವೂ ಮಾವನವರು ಯಾರೂ ಹೇಳದೆ ಕೊಟ್ಟಿಗೆಗೆ ಹೋಗಿ ಕೂತರು. ಅದಕ್ಕೆ ಮರುದಿನ ಕಣ್ಣು ಊದಿಕೊಂಡು ತೆರೆಯಲಾಗಲಿಲ್ಲ. ಆವತ್ತೇ ಗಿರಣಿಯ ಆಳನ್ನು ಓಡಿಸಿ ಗೌಂಡಿಯನ್ನು ಕರೆಸಿದರು. ವಾರ ಕಳೆಯುವುದರೊಳಗೆ ಬಚ್ಚಲುಮನೆಯಲ್ಲಿ ಹೊಸ ಒಲೆ, ಅದಕ್ಕೊಂದು ಕಿಟಕಿ, ಮಾಳಿಗೆ ದಾಟಿ ಮೇಲೆ ಹೋಗುವ ದೊಡ್ಡ ಹೊಗೆಗೂಡು. ಅಷ್ಟು ವರ್ಷ ಒಬ್ಬ ಹೆಂಗಸಿನ ಕಣ್ಣಿನಲ್ಲಿ ಕಾಣದ ಹೊಗೆ ಎರಡೇ ದಿನ ತಮ್ಮ ಕಣ್ಣಿಗೆ ಹೊಕ್ಕಾಗ ಅವರಿಗೆ ಕಂಡಿತ್ತು. ಹೊಗೆಗೂಡು ನೋಡಲು ಬಂದವರಿಗೆ, "ಹೊಗಿ ಮ್ಯಾಲಕ್ಕ ಎಳಿಯೋಹಂಗ ನಾನೇ ಯೋಚನಿ ಮಾಡಿ ಕಟ್ಟಿಸೀನಿ" ಎಂದು ಹೇಳುವುದನ್ನು ಬಿಡಲಿಲ್ಲ ಅನ್ನಿ. ರಂಗಯ್ಯ ಬಂದು ಫ್ರಿಜ್ಜಿಗೆ ಬಾಗಿಲು ಜೋಡಿಸಿಕೊಟ್ಟ. ಅದು ಮತ್ತೆಂದೂ ತಣ್ಣಗಾಗಲಿಲ್ಲ. ಇಲಿ ಬರದ ಕಪಾಟಾಗಿ ಹಪ್ಪಳ ಸಂಡಿಗೆಗೆ ಬಹಳ ವರ್ಷ ಬಾಳಿತು.

ಹೊಸ ಒಲೆ ಹಚ್ಚಿದ ಮೊದಲ ಬೆಳಗ್ಗೆ ನಡೆದದ್ದನ್ನು ಹೇಳದೆ ಮುಗಿಸಲಾರೆ. ನಮ್ಮ ಮನೆಯಲ್ಲಿ ಸ್ನಾನಕ್ಕೊಂದು ಸರದಿ ಇತ್ತು. ಮೊದಲು ಮಾವ, ಆಮೇಲೆ ಮಗ, ಬಂದ ನೆಂಟರು, ಆಮೇಲೆ ನಾನು, ಎಲ್ಲರಿಗಿಂತ ಕೊನೆಗೆ ಅತ್ತೆ. ಆಕೆಯ ಪಾಲಿಗೆ ಹಂಡೆಯ ತಳದಲ್ಲಿ ಉಳಿದದ್ದು, ಅದಕ್ಕೆ ಒಂದು ಚೊಂಬು ತಣ್ಣೀರು ಬೆರೆಸಿದರೆ ಮುಗಿಯಿತು. ಆವತ್ತು ಮಾವನವರು ಒಲೆಗೆ ಹೊಟ್ಟು ತುಂಬಿಸಿ, ಹೊಗೆ ಗೂಡಿನಲ್ಲಿ ಸರಿಯಾಗಿ ಏರುವುದನ್ನು ಅಂಗಳದಿಂದ ನೋಡಿ ಬಂದು, ಟವಲು ಹೆಗಲ ಮೇಲೆ ಹಾಕಿಕೊಂಡು ಬಚ್ಚಲುಮನೆಗೆ ಹೋದರು. ಬಾಗಿಲು ಒಳಗಿನಿಂದ ಹಾಕಿತ್ತು.

"ಯಾರದಾರ ಒಳಗ?"

"ನಾನ್ರಿ" ಎಂದಿತು ಅತ್ತೆಯ ದನಿ.

ಮಾವನವರು ನನ್ನ ಕಡೆ ನೋಡಿದರು. ನಾನು ಅಕ್ಕಿ ಆರಿಸುವ ಮೊರದಲ್ಲಿ ತಲೆ ತಗ್ಗಿಸಿದೆ. "ಪೂಜಿಗೆ ಹೊತ್ತಾತು. ಇನ್ನಾ ಎಷ್ಟೊತ್ತು?"

"ಹಂಡಿ ತುಂಬ ನೀರು ಐತ್ರಿ" ಅಂದಳು ಆಕೆ.

ಅವರು ಟವಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡು, ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತರು. ಒಳಗೆ ಚೊಂಬು ಹಂಡೆಯಲ್ಲಿ ಮುಳುಗಿದ ಸದ್ದು ಕೇಳಿಸಿತು. ಆಮೇಲೆ ನೀರು ಬಿದ್ದ ಸದ್ದು. ಆಮೇಲೆ ಮತ್ತೆ ಚೊಂಬು.